ಸೀದ ಹಾಲಿನ ಹೂವು

ಪ್ರಯೋಗಾಲಯದ ಸೀಸೆಯಲ್ಲಿ ಬೆಳೆಸಿದ ಆರ್ಕಿಡ್ ಸಸಿಯನ್ನು ಹೊರತೆಗೆಯುವ ದಿನ ಮನೆಯಲ್ಲಿ ಯಾವ ವಾಸನೆ ಇರುತ್ತದೋ, ಮುಂದೆ ಹೂವಿಗೂ ಅದೇ ವಾಸನೆ. ಅದಕ್ಕೇ ಆ ದಿನ ಎಲ್ಲರೂ ಗಂಧ ತೇಯುತ್ತಾರೆ, ಇಲ್ಲವೇ ಏಲಕ್ಕಿ ಕುಟ್ಟುತ್ತಾರೆ. ನಾಗವೇಣಿಯ ಅಮ್ಮ ಮಾತ್ರ ಸಸಿ ತೊಳೆಯುತ್ತ ಒಲೆಯ ಮೇಲಿನ ಹಾಲು ಮರೆತಿದ್ದಳು. ಅವಳ ಆರ್ಕಿಡ್ ಅರಳಿದಾಗಲೆಲ್ಲ ಬೀದಿಯವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅಮ್ಮನೇ ನಗುತ್ತಿದ್ದಳು. ಅಮ್ಮ ತೀರಿಕೊಂಡ ವರ್ಷವೇ ಆ ಗಿಡವೂ ಕೊಳೆತುಹೋಯಿತು.

ಇವತ್ತು ನಾಗವೇಣಿ ಹೊಸ ಸೀಸೆ ಒಡೆದು, ಎಳೆಬೇರುಗಳಿಗೆ ಅಂಟಿದ ಲೋಳೆಯನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯುತ್ತಿದ್ದಳು. ಗಂಧ ತೇಯಲು ಕೂತಿದ್ದ ಗಂಡ ಚನ್ನವೀರ ಗಾಬರಿಯಿಂದ ಕೂಗಿದ: "ವೇಣೀ, ಹಾಲು ಸೀದು ಹೋಗ್ತಿದೆ ಕಣೇ!"

"ಗೊತ್ತು ರೀ," ಎಂದಳು ಅವಳು, ತಲೆ ಎತ್ತದೆ. "ಆ ಕಿಟಕಿ ಸ್ವಲ್ಪ ಮುಚ್ಚಿ ಬನ್ನಿ."