ದಪ್ಪಂದು, ಸಣ್ಣದು

ಮುದ್ದಕ್ಕ ಗಂಡ ಜುಂಜಣ್ಣನ ಮುಂದೆ ಅಂಗೈ ಚಾಚಿದಳು. ಅದರಲ್ಲಿ ಬಣ್ಣದ ಪಟ್ಟೆಯ ಎರಡು ರೆಸಿಸ್ಟರ್‌ಗಳಿದ್ದವು. "ನಂಗೇನ್ ಗೊತ್ತಾಗ್ತೈತೆ, ಎರಡೂ ತಂದೆ. ನಿನ್ ಲಾರಿ ದೇವರ ಪಟದ ದೀಪಕ್ಕೆ ಯಾವ್ದು ಬೇಕೋ ತಗ."

ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಹೊಸದಾಗಿ ಬಂದ ಈ ಎಲ್‌ಇಡಿ ದೀಪ ಸುಡಬಾರದೆಂದರೆ ಲಾರಿ ಬ್ಯಾಟರಿಗೆ ದಪ್ಪಂದು, ಮೋಟಾರ್ ಸೈಕಲ್ಲಿಗೆ ಸಣ್ಣದು ಎಂದು ಹಿರಿಯೂರಿನ ರೇಡಿಯೋ ಅಂಗಡಿಯವನು ಬಿಡಿಸಿ ಹೇಳಿದ್ದ. ಲಾರಿಯ ವೈರಿಂಗನ್ನೆಲ್ಲ ತಾನೇ ಮಾಡಿಕೊಳ್ಳುವ ಗಂಡನಿಗೂ ಅದು ಗೊತ್ತಿರಲೇಬೇಕು. ಅವಳ ಅಣ್ಣನ ಮೋಟಾರ್ ಸೈಕಲ್ಲನ್ನು ಎರವಲು ಒಯ್ದಿದ್ದ ಜುಂಜಣ್ಣ, ಅದು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಕಳುವಾಯಿತೆಂದು ಆಣೆ ಮಾಡಿದ್ದ. ಅಂದಿನಿಂದ ಅಣ್ಣ ಇವರ ಹೊಸ್ತಿಲು ತುಳಿದಿರಲಿಲ್ಲ.

"ನೀನೊಬ್ಳು ಪೆದ್ದಿ!" ಜುಂಜಣ್ಣ ನಗುತ್ತ ದಪ್ಪನೆಯದನ್ನು ಅವಳ ಅಂಗೈಯಲ್ಲೇ ಬಿಟ್ಟು, ಸಣ್ಣದನ್ನು ಆರಿಸಿ ಜೇಬಿಗಿಳಿಸಿದ. "ಲಾರಿಗೆ ಇದೇ ಸೈ."

ಮುದ್ದಕ್ಕ ಮುಷ್ಟಿ ಬಿಗಿದಳು. "ಹಂಗಾರೆ ಅಣ್ಣಂಗೆ ಹೇಳಿ ಕಳಿಸ್ತೀನಿ. ದೀಪ ನೋಡಾಕೆ ಬರ್ಲಿ."