ಬೀದಿ ಕಡೆಯ ಕಿಟಕಿ

"ಅಲ್ಲೊಂದು ಸಂದಿ ಐತೆ ಅಣ್ಣಾ. ಬೇಗ, ಅದ್ಕೂ ಒಡಿ," ಎಂದಳು ಮುನಿಶಾಮಮ್ಮ.

ಕೋದಂಡಪ್ಪ ಡಬ್ಬಿಯನ್ನು ಕುಲುಕಿ, ತಲೆಕೆಳಗಾಗಿ ಹಿಡಿದು, ಅದರ ಕೊಳವೆಯನ್ನು ಕಿಟಕಿ ಚೌಕಟ್ಟಿನ ಬಿರುಕಿಗೆ ತೂರಿಸಿ ಒತ್ತಿದ. ಹಳದಿ ನೊರೆ ಬುಸ್ಸೆಂದು ಹೊರಬಂದು, ನೋಡನೋಡುತ್ತಲೇ ಉಬ್ಬಿ ಸಂದಿಯನ್ನು ನುಂಗಿತು. ಅವಳು ಮುಂದೆ ಬಂದಳು. ಗಾಳಿ ನುಸುಳುತ್ತಿದೆಯೇ ಎಂದು ಅಂಗೈ ಒಡ್ಡಲಿಲ್ಲ. ಕಿವಿಯಿಟ್ಟು ನೋಡಿದಳು.

"ಇನ್ನೂ ಆಕು," ಎಂದಳು.

೧೯೯೬ರ ಆಷಾಢ. ಬಂಗಾರಪೇಟೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೋದಂಡಪ್ಪನಿಗೆ ಕೆಲಸ. ಆಲೂಗಡ್ಡೆ ಕೋಣೆಗಳ ಬಾಗಿಲಿನಿಂದ ತಂಪು ಸೋರದಂತೆ ಈ ನೊರೆ ಹೊಡೆಯುವುದು ಅವನಿಗೆ ರೂಢಿ. ಆ ಬೆಳಗ್ಗೆ ಜೊತೆ ಕೆಲಸಗಾರ ಶ್ರೀರಾಮಪ್ಪ ಎರಡು ಡಬ್ಬಿ ಹಿಡಿದು ಮನೆ ಬಾಗಿಲಿಗೇ ಬಂದಿದ್ದ.

"ಕೋರಮಂಡಲ್ ಲೈನ್‌ನಾಗೆ ನಮ್ಮಕ್ಕನ ಮನೆ ಐತೆ. ಬಾವನ್ಗೆ ಎದೆ ಕೆಟ್ಟೋಗೈತೆ. ಕಿಟಕಿ ಬಾಗಿಲ ಸಂದಿಯೆಲ್ಲ ಮುಚ್ಚಿ ಬಾರಪ್ಪ. ಧೂಳು."

"ನೀನೂ ಬಾ ಮತ್ತೆ."

"ನಂಗೆ ಬೇರೆ ಕೆಲ್ಸ ಐತೆ," ಎಂದು ಶ್ರೀರಾಮಪ್ಪ ಮುಖ ತಿರುಗಿಸಿಕೊಂಡು ಹೊರಟುಬಿಟ್ಟಿದ್ದ. ಸ್ವಂತ ಅಕ್ಕನ ಮನೆಯ ಕೆಲಸಕ್ಕಿಂತ ದೊಡ್ಡದು ಇವನಿಗೇನಿದೆ ಎಂದು ಕೋದಂಡಪ್ಪನಿಗೆ ಅಸಮಾಧಾನವಾಗಿತ್ತು.

ಚಿನ್ನದ ಗಣಿ ಕಾರ್ಮಿಕರ ಸಾಲಿನಲ್ಲಿ ಲೈನ್‌ಮನೆ ಎಂದರೆ ಒಂದು ಕೋಣೆ, ಹಿಂದೊಂದು ಅಡುಗೆಮನೆ. ಮಂಚದ ಮೇಲೆ ಸೊಣ್ಣಪ್ಪ ಮೂರು ದಿಂಬಿಗೆ ಒರಗಿ ಕೂತಿದ್ದ. ಗಣಿಯ ಆಳದಲ್ಲಿ ದುಡಿದ ಕಾಲವೆಲ್ಲ ಅವನ ಎದೆಯೊಳಗೆ ಗೊರಗೊರ ಸದ್ದು ಮಾಡುತ್ತಿತ್ತು.

"ಏನ್ ಮಾಡ್ತಾವ್ರೆ?" ಎಂದು ಕೇಳಿದ.

"ಧೂಳು ಬರ್ದಂಗೆ ಮುಚ್ಚಿಸ್ತಾ ಇವ್ನಿ," ಎಂದಳು ಮುನಿಶಾಮಮ್ಮ. ಯಾರೂ ಕೇಳದಿದ್ದರೂ ಮಗನ ಸುದ್ದಿ ಸೇರಿಸಿದಳು: "ಸೀನ ಲಾರಿ ಜೊತೆ ಮದ್ರಾಸ್‌ಗೆ ಓಗವ್ನೆ. ಬರೋದು ತಡ ಆಯ್ತದಂತೆ."

ಸೊಣ್ಣಪ್ಪ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಊಂ. ಮುಚ್ಸು. ನಿಂಗೆ ನೆಮ್ಮದಿ ಆಯ್ತದೆ ಅಂದ್ರೆ ಎಲ್ಲಾ ಮುಚ್ಸು."

ಬೀದಿ ಕಿಟಕಿ ಮುಗಿಯಿತು. ಮೇಲಿನ ಗವಾಕ್ಷಿಯೂ ಮುಗಿಯಿತು. ಕೋದಂಡಪ್ಪ ಎರಡನೇ ಡಬ್ಬಿ ಹಿಡಿದು ಅಡುಗೆಮನೆಗೆ ನಡೆದ. ಒಲೆ ಹೊತ್ತಿರಲಿಲ್ಲ. ಹಿಂದಿನ ಕಿಟಕಿಯಾಚೆ ಗಣಿಮಣ್ಣಿನ ಬೂದು ದಿಬ್ಬ ನಿಂತಿತ್ತು. ಗಾಳಿ ಬೀಸಿದಾಗಲೆಲ್ಲ ಧೂಳು ಹಿಟ್ಟಿನಂತೆ ಒಳಗೆ ಸುರಿಯುತ್ತಿತ್ತು. ಅವನು ಕೈ ಎತ್ತಿದ್ದೇ ತಡ, ಮುನಿಶಾಮಮ್ಮ ಅಡ್ಡ ಬಂದಳು.

"ಅದು ಬ್ಯಾಡ. ಅವ್ರು ಉಸಿರಾಡ್ಬೇಕಲ್ಲ."

"ಧೂಳೆಲ್ಲ ಬರೋದೇ ಇಲ್ಲಿಂದ ಅಲ್ವೇನಮ್ಮ?"

"ಬರ್ಲಿ. ಇದು ಬಿಟ್ಟು ಬೀದಿ ಬಾಗ್ಲಿಗೆ ಒಡಿ."

"ಬಾಗ್ಲಿಗೆ ಒಡುದ್ರೆ ಚೌಕಟ್ಟಿಗೆ ಅಂಟ್ಕೊಂತದೆ. ಆಮೇಲೆ ಚಾಕು ಆಕಿ ಕುಯ್ಬೇಕು."

"ಅಂಟ್ಕೊಳ್ಳಿ." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ನಿನ್ ಕಾಲ್ ಇಡ್ಕೊಂತೀನಿ, ಅಣ್ಣಾ. ಬೇಗ."

ಕೋದಂಡಪ್ಪ ಡಬ್ಬಿ ಕೆಳಗಿಳಿಸಿದ. ಧೂಳು ಬರುವ ಕಿಟಕಿ ತೆರೆದೇ ಇರಲಿ, ಜನ ಬರುವ ಬಾಗಿಲು ಮಾತ್ರ ಮುಚ್ಚಲಿ ಎಂದರೆ ಏನರ್ಥ? ಈ ರೋಗಿಯನ್ನು ಒಳಗಿಟ್ಟುಕೊಂಡು ಈಕೆ ಏನು ಮಾಡಲಿದ್ದಾಳೆ? ಬೇಡ ಎಂದು ಹೊರಟುಬಿಡೋಣ ಅನ್ನಿಸಿತು. ಆದರೆ ಅವಳು ನಿಜವಾಗಿಯೂ ಕಾಲಿಗೆ ಬಗ್ಗಿದಳು. ಅವನು ಬಾಗಿಲ ಸುತ್ತ ಡಬ್ಬಿ ಖಾಲಿಯಾಗುವವರೆಗೆ ನೊರೆ ಹೊಡೆದ.

ಕೈಗಂಟಿದ ನೊರೆಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಹಿತ್ತಲ ಬಾಗಿಲಿನಿಂದ ಸುತ್ತುಬಳಸಿ ಬೀದಿ ನಲ್ಲಿಗೆ ಬಂದ. ಲೈನಿನ ಜನವೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ದೂರದಲ್ಲಿ ತಮಟೆ ಬಡಿಯುತ್ತಿತ್ತು.

"ಗಟ್ಟಿಯಾಗಿ ಮುಚ್ಚಿದ್ಯೇನಪ್ಪ?" ಪಕ್ಕದ ಮನೆಯ ಕದಿರಮ್ಮ ಸೆರಗಿನಿಂದ ಕಣ್ಣೊರೆಸುತ್ತ ಕೇಳಿದಳು. "ಒಳೀಕೆ ಕೇಳ್ಸಲ್ಲ ತಾನೆ?"

"ಏನು ಕೇಳ್ಸಲ್ಲ?"

"ನಿಂಗೆ ಯಾರೂ ಏಳ್ಲಿಲ್ವಾ? ನಿನ್ನೆ ಕ್ಯಾಸಂಬಳ್ಳಿ ರೋಡ್‌ನಾಗೆ ಲಾರಿ ಮಗುಚ್ಕೊಂತು. ಸೀನ ಓಗ್ಬುಟ್ಟ. ಒಬ್ನೇ ಮಗ. ಎಣ ಮನೇಗೆ ತರ್ಲಿಲ್ಲ, ಸೋದ್ರಮಾವ ಶ್ರೀರಾಮಪ್ಪನ ಮನೇಗೇ ಇಳಿಸ್ಕೊಂಡ್ರು. ಎದೆಗೆ ಏನಾರಾ ಪೆಟ್ಟು ಬಿದ್ರೆ ಸೊಣ್ಣಪ್ಪ ಉಳಿಯಲ್ಲ ಅಂತ ಡಾಕ್ಟ್ರು ಅಂದವ್ರೆ. ಸುಡುಗಾಡಿಗೆ ಈ ಬೀದಿ ಬಿಟ್ರೆ ದಾರಿ ಇಲ್ಲ."

ತಿರುವಿನಲ್ಲಿ ಮೆರವಣಿಗೆ ಕಾಣಿಸಿತು. ಎಲ್ಲರಿಗಿಂತ ಮುಂದೆ, ತಂದೆ ಹಿಡಿಯಬೇಕಾದ ಬೆಂಕಿಯ ಮಡಕೆ ಹಿಡಿದು ಶ್ರೀರಾಮಪ್ಪ ಬರುತ್ತಿದ್ದ. ಅವನ ಹಿಂದೆ ಚಟ್ಟ. ಸೇವಂತಿಗೆಯ ನಡುವೆ ಇಪ್ಪತ್ತರ ಹುಡುಗನ ಮುಖ.

ಕೋದಂಡಪ್ಪ ಒಂದೇ ಓಟಕ್ಕೆ ಹಿತ್ತಲಿನಿಂದ ಒಳಗೆ ಹೋದ. ಎಲ್ಲಾದರೂ ಒಂದು ಸಂದಿ ಬಿಟ್ಟಿದ್ದರೆ? ನೊರೆ ಇನ್ನೂ ಮೆತ್ತಗಿತ್ತು. ಕೈಗೆ ಸಿಕ್ಕ ಕಂಬಳಿಯನ್ನು ಬಾಗಿಲಿಗೆ ಒತ್ತಿ ಹಿಡಿದು ಬೆನ್ನು ಕೊಟ್ಟು ನಿಂತ. ತಮಟೆಯ ಪೆಟ್ಟು ಬೆನ್ನಿಗೆ ತಾಕುತ್ತಿತ್ತು. ಕಿವಿಗೆ ಕೇಳಿಸಲಿಲ್ಲ.

ಮುನಿಶಾಮಮ್ಮ ಗಂಡನಿಗೆ ನೆರೆಮನೆಯಿಂದ ತಂದ ಗಂಜಿ ಕುಡಿಸುತ್ತಿದ್ದಳು. ಮದ್ರಾಸಿನಿಂದ ಸೀನ ಏನೇನು ತರುತ್ತಾನೆ ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು, ನಡುನಡುವೆ ನಗುತ್ತಿದ್ದಳು. ಸೊಣ್ಣಪ್ಪ ಒಂದೊಂದೇ ಗುಟುಕು ನುಂಗುತ್ತ ತಲೆಯಾಡಿಸುತ್ತಿದ್ದ.

ಬೆನ್ನಿನ ಮೇಲಿನ ಪೆಟ್ಟು ಕ್ಷೀಣವಾಗುತ್ತ ನಿಂತುಹೋಯಿತು. ಮುನಿಶಾಮಮ್ಮ ಬಟ್ಟಲು ಎತ್ತಿಕೊಂಡು ಎದ್ದಳು. ಅಡುಗೆಮನೆ ದಾಟಿ, ಹಿತ್ತಲು ದಾಟಿ, ಬಚ್ಚಲ ತಟ್ಟಿಯ ಹಿಂದೆ ಮರೆಯಾದಳು.

ಕೋದಂಡಪ್ಪ ಕಂಬಳಿ ಕೆಳಗಿಟ್ಟ. ಮಂಚದಿಂದ ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ಎಲುಬಿನಂಥ ಆ ಬೆರಳುಗಳಲ್ಲಿ ಅಷ್ಟು ಬಲವಿದ್ದೀತೆಂದು ಅವನು ಎಣಿಸಿರಲಿಲ್ಲ.

"ನನ್ ಮಗನ್ನ ಚೆನ್ನಾಗಿ ಕಳಿಸ್ಕೊಟ್ರೇನಪ್ಪ?" ಎಂದು ಸೊಣ್ಣಪ್ಪ ಪಿಸುಗುಟ್ಟಿದ. "ನಂಗೆ ಗೊತ್ತೈತೆ ಅಂತ ಅವ್ಳಿಗೆ ಮಾತ್ರ ಏಳ್ಬ್ಯಾಡ, ತಡ್ಕಳಲ್ಲ."