ಮಡುವಿನ ಹೆಸರು

"ಆ ಮಡುವಿಗೆ ಏನಂತೀರಿ?" ನಕ್ಷೆಗೆಂದು ಹಳ್ಳ, ದಿಬ್ಬಗಳ ಹೆಸರು ಬರೆದುಕೊಳ್ಳಲು ನಂಜನಗೂಡಿನಿಂದ ಬಂದಿದ್ದ ಸೋಮಶೇಖರ್, ನಾಟಿ ಹಾಕುತ್ತಿದ್ದ ಹೆಂಗಸರನ್ನು ಕೇಳಿದ.

"ಅದಕ್ಯಾವ ಹೆಸ್ರೂ ಇಲ್ಲ ಸಾರ್," ಬದುವಿನ ಮೇಲಿದ್ದ ಗದ್ದೆಯ ಯಜಮಾನ ಗುರುಪಾದಪ್ಪ ಹೇಳಿದ.

ಹೆಂಗಸರ ನಡುವೆ ಬಗ್ಗಿದ್ದ ಗೋವಿಂದಮ್ಮ ಪೈರು ಹಿಡಿದೇ ನೆಟ್ಟಗಾದಳು. ಅವಳ ಅಕ್ಕ ಕೆಂಪಿ ಸತ್ತದ್ದು ಆ ನೀರಿನಲ್ಲೇ. ಕಾಲು ಜಾರಿ ಬಿದ್ದಳೆಂದು ಪೊಲೀಸರಿಗೆ ಹೇಳಿದವನು ಗುರುಪಾದಪ್ಪ. ಅವಳನ್ನು ಅಟ್ಟಿಸಿಕೊಂಡು ಹೋದವನೂ ಅವನೇ ಎಂಬುದು ಕೇರಿಗೆಲ್ಲ ಗೊತ್ತಿತ್ತು. ಅವನೆದುರು ಮಾತ್ರ ಯಾರೂ ಮಡುವಿನ ಹೆಸರೆತ್ತುತ್ತಿರಲಿಲ್ಲ.

ಸೋಮಶೇಖರ್ ಹೊರಡಲು ತಿರುಗಿದ. ಗೋವಿಂದಮ್ಮ ಅವನನ್ನು ಕೂಗಿ ಹೇಳಿದಳು:

"ಕೆಂಪಿ ಮಡು, ಸಾ."

"ಕೆಂಪಿ ಅಂದ್ರೆ ಯಾರಮ್ಮ?"

"ನಮ್ಮಕ್ಕ."

ಗುರುಪಾದಪ್ಪ ಕೆಸರಿಗಿಳಿದು ಅವಳ ಬೆನ್ನ ಹಿಂದೆ ಬಂದು ನಿಂತ. ಅವನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು. "ಇವ್ಳಿಗೆ ತಲೆ ಸರಿಯಿಲ್ಲ ಸಾರ್. ಬೇರೆಯೋರ್ನ ಕೇಳಿ."

ಸೋಮಶೇಖರ್ ಉಳಿದವರ ಮುಖ ನೋಡಿದ. ಒಬ್ಬೊಬ್ಬರೇ ತಲೆ ತಗ್ಗಿಸಿದರು. ಗೋವಿಂದಮ್ಮ ಕಣ್ಣು ಮುಚ್ಚಿಕೊಂಡಳು.

ಆಗ ಬದುವಿನ ಮೇಲಿಂದ ಒಂದು ದನಿ ಬಂತು. ಬುತ್ತಿ ಹೊತ್ತು ಬಂದಿದ್ದ ಗುರುಪಾದಪ್ಪನ ಹೆಂಡತಿ ಚನ್ನಾಜಮ್ಮ ಗಂಡನ ಕಡೆ ನೋಡದೆ, ಬುತ್ತಿಯ ಗಂಟನ್ನು ಎದೆಗವಚಿಕೊಂಡು ಹೇಳಿದಳು:

"ಬರ್ಕಳಿ ಸಾ. ಅದು ಕೆಂಪಿ ಮಡುನೇ."